ಮನೆಮಕ್ಕಳ ವಿಚಾರ: ರಿಂಗಿನ ತಂಡಕ್ಕೆ ಹೊಸ ಹುಡುಗಿ

ಮುಂಗಾರಿನ ಮಳೆ ಹದವಾಗಿ ಬಿದ್ದು, ಹೊಲಗಳಲ್ಲಿ ಕಡಲೆಕಾಯಿಯ ಬಿತ್ತನೆ ಮುಗಿಯುವ ವೇಳೆಗೆ, ನಮ್ಮ ಶಾಲೆಗಳ ಬಯಲಿನಲ್ಲಿ ಸುಣ್ಣದ ಗೆರೆಗಳು ಕಾಣಿಸಿಕೊಳ್ಳುತ್ತವೆ. ವ್ಯಾಯಾಮದ ಉಪಾಧ್ಯಾಯರು ಕೈಯಲ್ಲಿ ಪಟ್ಟಿ ಹಿಡಿದು, ಯಾರು ಯಾವ ಆಟಕ್ಕೆ ತಕ್ಕವರೆಂದು ನೋಡತೊಡಗುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿದವಾದರೂ, ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯನ್ನು ಕೇಂದ್ರವಾಗುಳ್ಳ ಬೇರೆಯೇ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ ಎಂಬುದನ್ನು ಇಲ್ಲಿಯ ಗೃಹಸ್ಥರು ಬಲ್ಲರು. ಶಾಲೆಯ ತಂಡವು ಮೊದಲು ಹೋಬಳಿಯಲ್ಲಿ, ಬಳಿಕ ತಾಲ್ಲೂಕಿನಲ್ಲಿ, ಅನಂತರ ಜಿಲ್ಲೆಯಲ್ಲಿ ಆಡಿ ಗೆದ್ದು ಮೇಲೇರಬೇಕು. ಆದರೆ ಈ ತಿಂಗಳು ನಾವು ವಿಚಾರಮಾಡಬೇಕೆಂದಿರುವುದು ಆ ಏಣಿಯ ತುದಿಯನ್ನಲ್ಲ, ಮೊಟ್ಟಮೊದಲ ಮೆಟ್ಟಲನ್ನು. ಎಂಟನೆಯ ತರಗತಿಯ ಒಬ್ಬ ಬಾಲಕಿ ಎಂದಿಟ್ಟುಕೊಳ್ಳೋಣ; ಐದನೆಯ ತರಗತಿಯಿಂದಲೂ ಆಡುತ್ತ ಬಂದ ಹುಡುಗಿಯರ ನಡುವೆ ನಿಂತು, ಆಟವನ್ನು ಇದೇ ವರ್ಷ ಕಲಿಯತೊಡಗಿದ ಈಕೆ, "ನನ್ನ ಹೆಸರನ್ನೂ ಬರೆದುಕೊಳ್ಳಿ, ಸಾರ್" ಎಂದು ಕೇಳಬಹುದೇ? ಕೇಳಿದರೆ ಮನೆಯವರು ಏನು ಮಾಡಬೇಕು?

ಆಟ ಯಾವುದೆಂಬುದನ್ನು ಮೊದಲು ಹೇಳುತ್ತೇವೆ. ಪಟ್ಟಣದ ಶಾಲೆಯಾಗಿದ್ದರೆ ಟೆನಿಸ್ ಎನ್ನಬಹುದಾಗಿತ್ತು. ಟೆನಿಸ್ಸಿನ ಅಂಕಣ 78 ಅಡಿ ಉದ್ದ, ಜೋಡಿಯಾಟಕ್ಕೆ 36 ಅಡಿ ಅಗಲ. ಸುತ್ತಲೂ ಓಡಾಡುವ ಜಾಗ ಬೇರೆ, ಬ್ಯಾಟು ಬೇರೆ, ದಿನಕಳೆದಂತೆ ಜೀವ ಕಳೆದುಕೊಳ್ಳುವ ಚೆಂಡು ಬೇರೆ. ನಮ್ಮ ಹಳ್ಳಿಶಾಲೆಗಳಲ್ಲಿ ಇದನ್ನೆಲ್ಲ ನಿರೀಕ್ಷಿಸುವಂತಿಲ್ಲ. ಆದರೆ ಅದರ ತಂಗಿಯಂತಿರುವ ಆಟವೊಂದು ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಅದರ ಗ್ರಂಥಸ್ಥ ನಾಮ ಟೆನಿಕಾಯ್ಟ್. ಮಕ್ಕಳ ಬಾಯಲ್ಲಿ ಬರಿಯ "ರಿಂಗು". 40 ಅಡಿ ಉದ್ದ, 18 ಅಡಿ ಅಗಲದ ನೆಲ, ಆಳುದ್ದದ ಒಂದು ಬಲೆ, ಸುಮಾರು 200 ಗ್ರಾಂ ತೂಕದ ಒಂದು ರಬ್ಬರಿನ ಬಳೆ, ಇಷ್ಟಾದರೆ ಆಟ ನಡೆಯುತ್ತದೆ. ಒಂದು ಟೆನಿಸ್ ಅಂಕಣದ ಗೆರೆಗಳೊಳಗೆ ಇಂಥ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಹಿಡಿಸಬಹುದು.

ಇದು ಹಡಗಿನ ಅಟ್ಟದ ಮೇಲೆ ಹುಟ್ಟಿದ ಆಟವೆಂಬುದು ಸ್ವಾರಸ್ಯವಾದ ಸಂಗತಿ. ಸಮುದ್ರದ ಮೇಲೆ ವಾರಗಟ್ಟಲೆ ಕಳೆಯಬೇಕಾದ ಪ್ರಯಾಣಿಕರಿಗೆ ಚೆಂಡಾದರೆ ನೀರಿಗೆ ಉರುಳಿಹೋಗುವ ಭಯ. ಬಳೆಯಾದರೆ ಬಿದ್ದಲ್ಲೇ ಬಿದ್ದಿರುತ್ತದೆ. ಜರ್ಮನಿಯಲ್ಲಿ 1920ರ ದಶಕದಲ್ಲಿ ಕಾರ್ಲ್ಸ್‌ರೂಹೆ ನಗರದ ಹರ್ಮನ್ ಷ್ನೈಡರ್ ಎಂಬವರು ಅದನ್ನು ನೆಲದ ಆಟವಾಗಿ ಬೆಳೆಯಿಸಿದರು. ಇದರ ಮೊದಲನೆಯ ವಿಶ್ವ ಪಂದ್ಯಾವಳಿ 2006ರಲ್ಲಿ ನಡೆದುದು ಎಲ್ಲಿಯೋ ದೂರದಲ್ಲಲ್ಲ, ನಮ್ಮ ನೆರೆಯ ಚೆನ್ನೈ ನಗರದಲ್ಲಿ. ಸಮುದ್ರದ ಮುಖವನ್ನೇ ಕಾಣದ ಪಾವಗಡದ ಕೂಸುಗಳು ಹಡಗಿನ ಆಟವನ್ನು ಕೆಂಪು ಮಣ್ಣಿನಲ್ಲಿ ಆಡುತ್ತಿರುವುದನ್ನು ನೋಡಿದರೆ ಆಟಗಳಿಗೂ ಒಂದು ದೇಶಾಟನೆಯುಂಟೆಂದು ತೋರುತ್ತದೆ.

ಈಗ ಹೊಸಬಳ ವಿಷಯ. ರಿಂಗಿನ ಕಟ್ಟಳೆಗಳನ್ನು ಗಮನವಿಟ್ಟು ನೋಡಿದವರಿಗೆ, ತಡವಾಗಿ ಬಂದವಳಿಗೂ ಈ ಆಟದಲ್ಲಿ ಒಂದು ಬಾಗಿಲು ತೆರೆದಿದೆ ಎಂಬುದು ತಿಳಿಯುತ್ತದೆ. ಎದುರಾಳಿ ಎಸೆದ ಬಳೆಯನ್ನು ನೆಲಕ್ಕೆ ಬೀಳಗೊಡದೆ ಒಂದೇ ಕೈಯಿಂದ ಹಿಡಿಯಬೇಕು. ಹಿಡಿದ ಕೈಯಿಂದಲೇ, ತಡೆಯದೆ, ಹಿಂದಕ್ಕೆ ಎಸೆಯಬೇಕು. ಎರಡು ಕೈ ತಗುಲಿದರೆ ತಪ್ಪು. ಮೈಗೆ ತಗುಲಿದರೂ ತಪ್ಪು. ಮೇಲಿನಿಂದ ಕೆಳಕ್ಕೆ ಬಡಿದೆಸೆಯುವುದಕ್ಕೆ ಅವಕಾಶವಿಲ್ಲ. ಹೀಗಾಗಿ ತೋಳಿನ ಬಲವೊಂದರಿಂದಲೇ ಗೆಲ್ಲುವುದು ಇಲ್ಲಿ ಕಷ್ಟ. ಎತ್ತರದ ಹುಡುಗಿಗೆ ಕಬಡ್ಡಿಯಲ್ಲಿಯೋ ಥ್ರೋಬಾಲಿನಲ್ಲಿಯೋ ದೊರೆಯುವ ಅನುಕೂಲ ಇಲ್ಲಿ ಅರ್ಧಕ್ಕರ್ಧ ಇಳಿದುಹೋಗುತ್ತದೆ; ಕಣ್ಣು, ಕಾಲು, ಬೆರಳು ಇವುಗಳ ಹೊಂದಿಕೆಯೇ ಮುಖ್ಯವಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಎಡಗೈ. ಚಿಕ್ಕಂದಿನಿಂದ ತಮ್ಮಷ್ಟಕ್ಕೆ ತಾವೇ ಆಡಿ ಕಲಿತ ಮಕ್ಕಳಲ್ಲಿ ಬಹುಮಂದಿ ಬಲಗೈಯೊಂದನ್ನೇ ಪಳಗಿಸಿರುತ್ತಾರೆ. ಎಡಕ್ಕೆ ಬಂದ ಬಳೆಯನ್ನೂ ಮೈ ತಿರುಗಿಸಿ ಬಲಗೈಯಿಂದಲೇ ಹಿಡಿಯಹೋಗುತ್ತಾರೆ. ಅಷ್ಟರಲ್ಲಿ ಅಂಕಣದ ಅರ್ಧಭಾಗ ಬರಿದಾಗಿ ಎದುರಾಳಿಗೆ ಒಪ್ಪಿಸಿದಂತಾಗುತ್ತದೆ. ನಾಲ್ಕು ವರ್ಷದ ಅಭ್ಯಾಸ ಕೈಗೆ ಅಂಟಿದ ಮೇಲೆ ಅದನ್ನು ಬಿಡಿಸುವುದು ಸುಲಭವಲ್ಲ. ಹೊಸಬಳಿಗಾದರೋ ಬಿಡಬೇಕಾದ ಅಭ್ಯಾಸವೇ ಇಲ್ಲ. ಮೊದಲ ದಿನದಿಂದ ಎಡಗೈಗೂ ಬಲಗೈಗೂ ಸಮನಾಗಿ ಕೆಲಸ ಕೊಟ್ಟರೆ, ಎರಡು ತಿಂಗಳಲ್ಲಿ ಆಕೆ ಎಸೆತದಲ್ಲಿ ಹಿಂದೆ ಇದ್ದರೂ ಹಿಡಿತದಲ್ಲಿ ಹಳಬರ ಸರಿಸಮಕ್ಕೆ ಬರಬಲ್ಲಳು. ಜೋಡಿಯಾಟಕ್ಕೆ ಆಳು ಹುಡುಕುವ ಉಪಾಧ್ಯಾಯರಿಗೆ ಎಡಗಡೆಯನ್ನು ಕಾಯಬಲ್ಲ ಒಬ್ಬ ಹುಡುಗಿ ಸಿಕ್ಕಿದರೆ ನಿಧಿ ಸಿಕ್ಕಿದಂತೆ.

ಅಭ್ಯಾಸಕ್ಕೆ ಬಳೆ ಬೇಕಲ್ಲ, ಶಾಲೆಯ ಬಳೆಯನ್ನು ಮನೆಗೆ ಕೊಡುತ್ತಾರೆಯೇ ಎಂದು ಕೇಳಬಹುದು. ಕೊಡದಿದ್ದರೇನು? ನಮ್ಮ ಅಜ್ಜಿಯರು ಕೊಡದ ಕೆಳಗೆ ತಲೆಯ ಮೇಲಿಡುತ್ತಿದ್ದ ಸಿಂಬೆಯನ್ನು ನೆನೆಯಿರಿ. ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಹೊಸೆದು ಗೇಣುದ್ದದ ಅಡ್ಡಳತೆಗೆ ಸುತ್ತಿ, ಮೇಲೆ ಹರಿದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿದರೆ ಸಾಕಾದಷ್ಟು ತೂಕವೂ ಬರುತ್ತದೆ, ಹಿಡಿತವೂ ಬರುತ್ತದೆ. ಹಿತ್ತಲಿನ ಗೋಡೆಗೆ ಆಳೆತ್ತರದಲ್ಲಿ ಒಂದು ಗೆರೆ ಎಳೆದು, ಗೆರೆಯ ಮೇಲಕ್ಕೆ ಎಸೆದು, ಬೀಳುವ ಮುನ್ನ ಹಿಡಿಯುವುದು; ಹತ್ತು ಸಲ ಬಲಗೈ, ಇಪ್ಪತ್ತು ಸಲ ಎಡಗೈ. ತಮ್ಮನೋ ತಂಗಿಯೋ ಎದುರಿಗೆ ನಿಂತರೆ ಇನ್ನೂ ಒಳ್ಳೆಯದು. ಮೊದಲು ಹತ್ತು ಅಡಿಯ ದೂರದಿಂದ ಹಿಡಿದು ಕೈ ಕುದುರಿದ ಮೇಲೆ ದೂರವನ್ನು ಹೆಚ್ಚಿಸಬೇಕು. ಇದು ನಮ್ಮ ಬಡತನದ ಉಪಾಯವೆಂದು ತಿಳಿಯಬೇಕಾದುದಿಲ್ಲ. ಟೆನಿಸ್ಸಿನ ಅಂತರರಾಷ್ಟ್ರೀಯ ಸಂಸ್ಥೆಯವರು 2012ರಿಂದ ಹತ್ತು ವರ್ಷದೊಳಗಿನ ಮಕ್ಕಳ ಪಂದ್ಯಗಳಲ್ಲಿ ದೊಡ್ಡವರ ಹಳದಿ ಚೆಂಡನ್ನೇ ನಿಲ್ಲಿಸಿ, ನಿಧಾನವಾಗಿ ಬರುವ ಕೆಂಪು, ಕಿತ್ತಳೆ, ಹಸುರು ಗುರುತಿನ ಚೆಂಡುಗಳನ್ನು ನಿಯಮಿಸಿದರು. ತೀರ ಚಿಕ್ಕವರಿಗೆ ಅಂಕಣದ ಉದ್ದವನ್ನೂ 36 ಅಡಿಗೆ ಇಳಿಸಿದರು. ಕಲಿಯುವವರಿಗೆ ಆಟವನ್ನೇ ಹಗುರಮಾಡಿಕೊಡಬೇಕೆಂಬುದು ಅಲ್ಲಿಯೂ ಒಪ್ಪಿದ ಮಾತು.

ಸರ್ವಿಸಿನ ಬಗ್ಗೆ ಒಂದು ಸೂಚನೆ. ಬಲೆಯ ಎರಡು ಪಕ್ಕಕ್ಕೂ ಸುಮಾರು 3 ಅಡಿಯಷ್ಟು ನೆಲವನ್ನು ಬಿಟ್ಟಿರುತ್ತಾರೆ. ಬಳೆ ಅದನ್ನು ದಾಟಿ ಬೀಳಬೇಕು. ಹೊಸಬರು ಭಯದಿಂದ ಮೆಲ್ಲಗೆ ಎಸೆದು ಬಳೆಯನ್ನು ಆ ಬಿಟ್ಟ ನೆಲದಲ್ಲಿಯೇ ಕೆಡವುತ್ತಾರೆ. ಆಯ್ಕೆಯ ದಿನ ಹತ್ತರಲ್ಲಿ ಎಂಟು ಸರ್ವಿಸು ಒಳಗೆ ಬೀಳುವಂತೆ ಮಾಡಿಕೊಂಡರೆ ಸಾಕು, ಚಮತ್ಕಾರದ ಎಸೆತಗಳು ಮುಂದಿನ ವರ್ಷಕ್ಕಿರಲಿ.

ಗಂಡುಮಕ್ಕಳ ತಂದೆತಾಯಿಗಳು ತಮ್ಮ ಮಾತೇ ಬರಲಿಲ್ಲವೆಂದು ಬೇಸರಿಸದಿರಲಿ. ರಿಂಗನ್ನು ಹುಡುಗರೂ ಆಡುತ್ತಾರೆ. ಅದಲ್ಲದೆ ಬಾಲ್ ಬ್ಯಾಡ್ಮಿಂಟನ್ ಇದೆ. ಹಳದಿ ಉಣ್ಣೆಯ ಚೆಂಡು, ಅಂಕಣದಲ್ಲಿ ಕಡೆಗೆ ಐವರು. ತಂಜಾವೂರಿನ ರಾಜಮನೆತನದವರು 1856ರ ಸುಮಾರಿನಲ್ಲಿ ಆಡುತ್ತಿದ್ದರೆಂದು ಹೇಳುವ ಈ ಆಟ ದಕ್ಷಿಣದೇಶದ ಸ್ವಂತ ಸೊತ್ತು. ಗರಿಯ ಷಟಲ್ಲು ಶಿರಾದ ಬಯಲುಗಾಳಿಗೆ ಹಾರಿಹೋದೀತು. ಉಣ್ಣೆಯ ಚೆಂಡು ಅಷ್ಟು ಸುಲಭವಾಗಿ ದಾರಿ ತಪ್ಪದು. ಇನ್ನು ನಿಜವಾದ ಟೆನಿಸ್ಸಿನಲ್ಲಿಯೇ ತಡವಾದುದರ ಮಾತು ಬೇಕೆಂದರೆ, ಕೊಡಗಿನ ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣನವರು ಬ್ಯಾಟು ಹಿಡಿದುದು ಹನ್ನೊಂದನೆಯ ವಯಸ್ಸಿನಲ್ಲಿ. ಆಸ್ಟ್ರೇಲಿಯದ ಮಹಾಪಂದ್ಯಾವಳಿಯಲ್ಲಿ ಗಂಡಸರ ಜೋಡಿಯಾಟದ ಪ್ರಶಸ್ತಿಯನ್ನು ಪಡೆದುದು 2024ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ.

ಆದರೂ ಈ ಪುಟದ ವಾಚಕರು ಮನೆವಂದಿಗರಾದುದರಿಂದ, ಆಟಕ್ಕಿಂತ ಮನೆಯ ಮಾತೇ ನಮಗೆ ಹೆಚ್ಚಿನದು. ಪಂದ್ಯಗಳು ನಡೆಯುವುದು ಹೆಚ್ಚಾಗಿ ಮಳೆಗಾಲದ ತಿಂಗಳುಗಳಲ್ಲಿ. ಕಡಲೆಕಾಯಿಯ ಹೊಲದಲ್ಲಿ ಕಳೆ ಬೆಳೆದು ನಿಲ್ಲುವುದೂ ಅದೇ ಕಾಲದಲ್ಲಿಯೇ. ಹುಡುಗನು "ಪ್ರಾಕ್ಟೀಸಿಗೆ ಹೋಗುತ್ತೇನೆ" ಎಂದರೆ ಹೋಗಿಬಾ ಎನ್ನುವ ಮನೆಯೇ, ಹುಡುಗಿ ಅದೇ ಮಾತನ್ನಾಡಿದರೆ ಕಸಬರಿಗೆಯ ಕಡೆಗೆ ನೋಡುತ್ತದೆ. ಸಂಜೆಯಾದರೆ ಹಳ್ಳಿಯ ಬಸ್ಸು ತಪ್ಪುತ್ತದೆಂಬ ಭಯ ಬೇರೆ. ಆ ಭಯ ಅಕಾರಣವಾದುದಲ್ಲ. ಆದ್ದರಿಂದ ಅಭ್ಯಾಸವನ್ನು ಬೆಳಿಗ್ಗೆ, ಶಾಲೆಯ ಘಂಟೆಗೆ ಮೊದಲು ಇಟ್ಟುಕೊಳ್ಳುವಂತೆ ಉಪಾಧ್ಯಾಯರನ್ನು ನಾಲ್ಕು ಮನೆಯವರು ಕೂಡಿ ಕೇಳಿಕೊಳ್ಳುವುದು ಮೇಲು. ಪಾವಗಡ ಸೀಮೆಯ ಬಿಸಿಲಿಗೂ ಅದೇ ಪರಿಹಾರ. ಆ ಒಂದು ತಿಂಗಳ ಮಟ್ಟಿಗೆ ಮುಸುರೆಯ ಕೆಲಸವನ್ನು ಅಣ್ಣನಿಗೆ ಒಪ್ಪಿಸಿದರೆ ಮನೆ ಮುಳುಗುವುದಿಲ್ಲ. ಅಣ್ಣನ ಮುಖ ಸ್ವಲ್ಪ ಸಣ್ಣದಾದೀತು, ಅಷ್ಟೆ.

ಹೊಟ್ಟೆಗೆ ವಿಶೇಷವೇನೂ ಬೇಡ. ರಾತ್ರಿಯ ರಾಗಿಮುದ್ದೆಯ ಜೊತೆಗೆ ಹುರುಳಿಯದೋ ಅವರೆಯದೋ ಸಾರು, ಬೆಳಿಗ್ಗೆ ಹೊರಡುವಾಗ ಒಂದು ಹಿಡಿ ನೆನೆದ ಕಡಲೆಕಾಯಿ ಬೀಜ, ಒಂದು ಚೂರು ಬೆಲ್ಲ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಹಾಲು ಕೊಡುತ್ತ ಬಂದಿದ್ದಾರೆ. ಅದನ್ನು ಚೆಲ್ಲದೆ ಕುಡಿಯುವಂತೆ ಹೇಳಿರಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಹಿತ್ತಲಿಗೆಸೆಯುವ ಮಕ್ಕಳುಂಟು, ತಾಯಂದಿರು ವಿಚಾರಿಸಬೇಕು. ತಿಂಗಳ ದಿನಗಳೆಂದು ಹುಡುಗಿಯನ್ನು ಕಡ್ಡಾಯವಾಗಿ ಮನೆಯಲ್ಲಿ ಕೂರಿಸುವ ಅಗತ್ಯವೂ ಇಲ್ಲ. ನೋವಿಲ್ಲದಿದ್ದರೆ ಆಡಲಿ, ನೋವಿದ್ದರೆ ಅವಳೇ ಹೇಳುತ್ತಾಳೆ.

ನೀರಿನ ಮಾತನ್ನು ಬಿಡುವಂತಿಲ್ಲ. ನಮ್ಮ ಈ ಭಾಗದ, ಅದರಲ್ಲಿಯೂ ಪಾವಗಡದ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಹೆಚ್ಚಾದರೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಇದು ಹೋಗುವುದಿಲ್ಲವೆಂಬುದನ್ನು ತಿಳಿಯದವರು ಬಹುಮಂದಿ. ಆಡುವ ಮಗು ಉಳಿದವರಿಗಿಂತ ಹೆಚ್ಚು ನೀರು ಕುಡಿಯುತ್ತದೆ; ಆದ ಕಾರಣ ಶುದ್ಧನೀರಿನ ಘಟಕದಿಂದ ತಂದ ನೀರನ್ನು ಬಾಟಲಿಯಲ್ಲಿ ತುಂಬಿ ಕಳುಹಿಸುವುದು ಒಂದು ಜೊತೆ ಬೂಟಿಗಿಂತ ದೊಡ್ಡ ಉಪಕಾರ. ಬೂಟಿಲ್ಲದಿದ್ದರೆ ನೆಲವನ್ನು ಆಡುವ ಮುನ್ನ ಗುಡಿಸಿ ನೋಡಬೇಕು. ನೆಗ್ಗಿಲ ಮುಳ್ಳಿಗೆ ಹಳಬರು ಹೊಸಬರೆಂಬ ಭೇದವಿಲ್ಲ.

ಒಂದು ದೂರನ್ನು ಹೇಳದೆ ಇರಲಾರೆವು. ಕೆಲವು ಶಾಲೆಗಳಲ್ಲಿ ಓಟಕ್ಕೂ, ಖೋಖೋಗೂ, ಥ್ರೋಬಾಲಿಗೂ, ರಿಂಗಿಗೂ ಅವೇ ಐದಾರು ಹುಡುಗಿಯರ ಹೆಸರನ್ನು ಬರೆದು ಕಳುಹಿಸುವ ಪದ್ಧತಿಯುಂಟು. ಗೆಲ್ಲುವ ಕುದುರೆಯನ್ನೇ ಎಲ್ಲ ಬಂಡಿಗೂ ಕಟ್ಟುವಂತಹ ಲೆಕ್ಕ ಇದು. ಒಂದೇ ದಿನ ಎರಡು ಪಂದ್ಯ ಬಂದಾಗ ಆ ಮಕ್ಕಳು ಬಳಲಿ ಎರಡರಲ್ಲಿಯೂ ಸೋಲುತ್ತಾರೆ. ಉಳಿದ ನೂರು ಮಕ್ಕಳು ಬೇಲಿಯ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಒಬ್ಬಳಿಗೆ ಎರಡು ಆಟ ಸಾಕೆಂದು ಗೊತ್ತುಮಾಡಿದರೆ ರಿಂಗಿನ ತಂಡದಲ್ಲಿ ಹೊಸಬಳೊಬ್ಬಳಿಗೆ ತಾನಾಗಿಯೇ ಜಾಗವಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಸುಣ್ಣ ಬಣ್ಣದ ಚರ್ಚೆಯ ನಡುವೆ ತಂದೆತಾಯಿಗಳು ಈ ಮಾತನ್ನು ಎತ್ತಬಹುದು. ಅದಕ್ಕೆ ಖರ್ಚಿಲ್ಲ.

ಇಷ್ಟಾದರೂ ಮೊದಲ ವರ್ಷ ಹೆಸರು ಬರದೆ ಹೋಗಬಹುದು. ಹೆಚ್ಚಾಗಿ ಹಾಗೆಯೇ ಆಗುತ್ತದೆ. ಆ ದಿನ ಹುಡುಗಿ ಮನೆಗೆ ಬಂದಾಗ "ನಾನು ಮೊದಲೇ ಹೇಳಲಿಲ್ಲವೆ?" ಎಂದು ಯಾರೂ ಅನ್ನಕೂಡದು. ತಂಡದವರಿಗೆ ಎದುರಾಗಿ ದಿನವೂ ಆಡಲು ಒಬ್ಬಳು ಬೇಕೇ ಬೇಕು. ಆ ಕೆಲಸವನ್ನು ತನಗೆ ಕೊಡಿರೆಂದು ಉಪಾಧ್ಯಾಯರನ್ನು ಕೇಳುವಂತೆ ಅವಳಿಗೆ ಹೇಳಿಕೊಡಬೇಕು. ಶಾಲೆಯ ಪಂದ್ಯಗಳಲ್ಲಿ 14 ವರ್ಷದೊಳಗಿನವರದು ಒಂದು ವರ್ಗ, 17 ವರ್ಷದೊಳಗಿನವರದು ಇನ್ನೊಂದು. ಎಂಟನೆಯ ತರಗತಿಯಲ್ಲಿ ತಪ್ಪಿದವಳಿಗೆ ಒಂಬತ್ತು, ಹತ್ತು ಎರಡೂ ಮುಂದಿವೆ. ಈ ವರ್ಷ ತಂಡದಲ್ಲಿದ್ದು ಹತ್ತನೆಯ ತರಗತಿ ಮುಗಿಸಿದವರು ಬರುವ ಜೂನಿನಲ್ಲಿ ಶಾಲೆ ಬಿಟ್ಟಿರುತ್ತಾರೆ. ಆ ಜೂನು ಬರುವವರೆಗೆ ಸಿಂಬೆಯನ್ನು ಕಟ್ಟಿಗೆಯ ಒಲೆಯ ಪಕ್ಕಕ್ಕೆ ಹಾಕದೆ ಮೊಳೆಗೆ ತೂಗುಹಾಕಿಡಿರಿ. ಬೇಸಗೆಯ ರಜೆ ಉದ್ದವಾಗಿದೆ, ಹಿತ್ತಲಿನ ಗೋಡೆಯೂ ಅಲ್ಲಿಯೇ ಇದೆ.