ಸಮಾಧಾನಕ್ಕೂ ಸಂಬಳ ಬೇಕು

ಬೇಸಿಗೆಯ ಕೊನೆಗೆ ಬೆಂಗಳೂರಿನಲ್ಲಿ ಒಂದು ಜೋರು ಗಾಳಿಮಳೆ ಬಂದರೆ ಸಾಕು, ಕೊಂಬೆಗಳು ತಂತಿಯ ಮೇಲೆ ಉರುಳುತ್ತವೆ, ಬಡಾವಣೆಗಳು ಕತ್ತಲಾಗುತ್ತವೆ, ಬೆಸ್ಕಾಂನ 1912 ಸಹಾಯವಾಣಿಗೆ ಕರೆಗಳು ಮುಗಿಬೀಳುತ್ತವೆ. ಎಷ್ಟೋ ಮಂದಿಯ ಮೊದಲ ಮಾತೇ ಬೈಗುಳ. ಅದನ್ನು ಕೇಳಿಸಿಕೊಳ್ಳುವವರು ಕಂಬ ಬೀಳಿಸಿದವರಲ್ಲ, ಕಂಬ ಹತ್ತುವವರೂ ಅಲ್ಲ. ಆದರೂ ‘ಅಕ್ಕಪಕ್ಕದ ಮನೆಯಲ್ಲಿ ಕರೆಂಟ್ ಇದೆಯಾ ಸರ್?’ ಎಂದು ಕೇಳಲೇಬೇಕು. ಇದ್ದರೆ ದೋಷ ಆ ಒಂದು ಮನೆಯದಿರಬಹುದು. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿನದೋ ಫೀಡರಿನದೋ ಆಗಿರಬಹುದು.

ಗ್ರಾಹಕ ಸೇವೆಯ ಕೆಲಸಕ್ಕೆ ಸಮಾಧಾನಿಗಳು ಬೇಕು ಎಂದರೆ ಬೈಸಿಕೊಂಡು ಸುಮ್ಮನಿರುವವರು ಬೇಕು ಎಂದೇ ಅನೇಕರು ತಿಳಿದಿದ್ದಾರೆ. ಅಸಲು ಕೆಲಸ ಬೇರೆ: ರೇಗಾಟದ ನಡುವೆಯೂ ಬೇಕಾದ ಮಾಹಿತಿಯನ್ನು ಹೆಕ್ಕಿ ತೆಗೆಯುವುದು.

ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಣ ಕಳೆದುಕೊಂಡವರು ಅಳುತ್ತಾ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗುತ್ತಾರೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟುತ್ತಿರುತ್ತದೆ. ಯಾವ ಬ್ಯಾಂಕ್, ಎಷ್ಟು ಹಣ, ಎಷ್ಟು ಹೊತ್ತಿಗೆ ಹೋಯಿತು, ವಹಿವಾಟಿನ ಸಂಖ್ಯೆ ಏನು ಎಂಬುದು ಬೇಗ ಸಿಕ್ಕಷ್ಟೂ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ರಾಜ್ಯದಲ್ಲಿ 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಯಲ್ಲೂ ಅಷ್ಟೇ, ಗಾಬರಿಬಿದ್ದವರ ಬಾಯಿಂದ ಮೊದಲು ಊರು, ಹತ್ತಿರದ ಗುರುತು ಹೊರಡಿಸಬೇಕು.

ಈ ಸಮಾಧಾನ ಹುಟ್ಟುಗುಣ, ಇದಕ್ಕೇಕೆ ಬೇರೆ ಬೆಲೆ ಎನ್ನುವವರಿಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ‘ದಿ ಮ್ಯಾನೇಜ್ಡ್ ಹಾರ್ಟ್’ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದಾರೆ. ಅವರು ಗಮನಿಸಿದ್ದು ಗಗನಸಖಿಯರನ್ನು ಮತ್ತು ಸಾಲ ವಸೂಲಿಗಾರರನ್ನು. ಒಬ್ಬರು ಸಿಟ್ಟು ನುಂಗಿ ನಗಬೇಕು, ಇನ್ನೊಬ್ಬರು ಕನಿಕರ ನುಂಗಿ ಗದರಬೇಕು. ಎರಡೂ ದುಡಿಮೆಯೇ ಎಂದರು ಅವರು.

ದುಡಿಮೆ ಎಂದ ಮೇಲೆ ದಣಿವೂ ಇದೆ. ಕಾಲ್ ಸೆಂಟರಿನ ಪರದೆ ತೋರಿಸುವುದು ಕರೆಗೆ ಸರಾಸರಿ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು. ಆ ನಿಮಿಷಗಳಲ್ಲಿ ಏನೇನು ಕೇಳಿಸಿಕೊಳ್ಳಬೇಕಾಯಿತು ಎಂಬುದನ್ನಲ್ಲ. ಸಾಲದ್ದಕ್ಕೆ, ಯಾರು ಸಮಾಧಾನದಿಂದ ಮಾತಾಡುತ್ತಾರೋ ಅತಿ ಕಷ್ಟದ ಗ್ರಾಹಕರು ಅವರ ಪಾಲಿಗೇ ಬರುತ್ತಾರೆ, ಸಂಬಳ ಮಾತ್ರ ಎಲ್ಲರಷ್ಟೇ.

ಹೀಗಾಗಿ ಈ ವೃತ್ತಿಗೆ ಹೊರಟವರು ಸಂದರ್ಶನದಲ್ಲಿ ಸಂಬಳದ ಜತೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು. ಕೆಟ್ಟ ಕರೆಯ ನಂತರ ಐದು ನಿಮಿಷ ಎದ್ದುಹೋಗಬಹುದೇ? ಎಚ್ಚರಿಸಿದರೂ ಅವಾಚ್ಯವಾಗಿ ಬೈಯುವವರ ಕರೆ ಕಡಿಯಬಹುದೇ? ಸಣ್ಣ ಮೊತ್ತವನ್ನು ಮೇಲಿನವರನ್ನು ಕೇಳದೆ ವಾಪಸ್ ಕೊಡಿಸುವ ಅಧಿಕಾರ ಇದೆಯೇ? ಎರಡು ವರ್ಷದ ನಂತರ ತರಬೇತುದಾರರಾಗುವ, ದೂರು ವಿಭಾಗ ನಡೆಸುವ ದಾರಿ ಇದೆಯೇ? ನಾಲ್ಕಕ್ಕೂ ಇಲ್ಲ ಎನ್ನುವ ಕಂಪನಿಗೆ ಸಮಾಧಾನಿಗಳು ಸಿಗುತ್ತಾರೆ, ಆದರೆ ಹೆಚ್ಚು ಕಾಲ ಉಳಿಯುವುದಿಲ್ಲ.