ಗೋಡೆಯ ಮೇಲೆ ಬರೆಯದ ರನ್‌ಗಳು

ನಮ್ಮೂರು ವಸ್ತಾರೆಯಲ್ಲಿ ಕ್ರಿಕೆಟ್ ಆಡಲು ಮೈದಾನ ಹುಡುಕಬೇಕಿರಲಿಲ್ಲ. ಕಾಫಿ ಕಣ ಖಾಲಿಯಾದರೆ ಸಾಕಿತ್ತು. ಕೊಯ್ಲು ಮುಗಿದು, ಒಣಗಿದ ಕಾಫಿ ಮೂಟೆ ಸೇರಿದ ಮೇಲೆ ಅಕ್ಕಪಕ್ಕದ ಮನೆಯ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರು. ಅವರ ನಡುವೆ ನಾನೊಬ್ಬಳೇ ಹುಡುಗಿ. ಅಣ್ಣಂದಿರು ನನ್ನ ಕೈಗೆ ಬ್ಯಾಟ್ ಕೊಡುತ್ತಿದ್ದದ್ದು ಕಡಿಮೆ. ‘ನೀನು ಚೆನ್ನಾಗಿ ಓಡ್ತೀಯ, ಫೀಲ್ಡಿಂಗ್‌ಗೆ ನಿಂತ್ಕೋ’ ಎನ್ನುವುದು ಅವರ ಖಾಯಂ ಮಾತು. ಚೆಂಡು ಕಣ ದಾಟಿ ಕಾಫಿ ಗಿಡಗಳೊಳಗೆ ಉರುಳಿದರೆ ತರಬೇಕಾದವಳೂ ನಾನೇ. ಮಳೆ ಹಿಡಿದ ಮೇಲಂತೂ ಚೆಂಡಿನ ಜೊತೆ ಕಾಲಿಗೆ ಎರಡು ಇಂಬಳವೂ ಬರುತ್ತಿದ್ದವು. ಆಟ ಮುಗಿದಾಗ ಯಾರು ಎಷ್ಟು ಹೊಡೆದರು ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ನನ್ನ ಹೆಸರು ಆ ಗೋಡೆ ಹತ್ತಿದ್ದು ಅಪರೂಪ.

ಆ ಗೋಡೆ ಮತ್ತೆ ನೆನಪಾದದ್ದು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪಟ್ಟಿ ನೋಡಿದ ದಿನ. ಮಹಿಳೆಯರು 400 ಮೀಟರ್ ದೂರವನ್ನು ಎರಡು ನಿಮಿಷದೊಳಗೆ ಓಡಬೇಕು. ಓಟದ ಬಗ್ಗೆ ನನಗೆ ಚೂರೂ ಹೆದರಿಕೆ ಇರಲಿಲ್ಲ. ಆದರೆ ಮೊದಲು ಲಿಖಿತ ಪರೀಕ್ಷೆ. ಅದರಲ್ಲಿ ಕಟ್‌ಆಫ್‌ಗೆ ಒಂದೂವರೆ ಅಂಕ ಕಡಿಮೆ ಬಿತ್ತು. ಓಡುವ ಸರದಿಯೇ ಬರಲಿಲ್ಲ. ‘ಇಷ್ಟು ದಿನ ಏನು ಓದಿದೆ?’ ಎಂದು ಮನೆಗೆ ಬಂದ ನೆಂಟರೊಬ್ಬರು ಕೇಳಿದರು. ಉತ್ತರ ಹೇಳಲು ನನ್ನ ಹತ್ತಿರ ಇದ್ದದ್ದು ಆ ಒಂದೂವರೆ ಅಂಕ ಮಾತ್ರ.

ಆ ದಿನಗಳಲ್ಲಿ ನಾನು ಹೆಚ್ಚು ಯೋಚಿಸಿದ್ದು ನಮ್ಮದೇ ಜಿಲ್ಲೆಯ ವೇದಾ ಕೃಷ್ಣಮೂರ್ತಿ ಅವರ ಬಗ್ಗೆ. ಅವರ ಊರು ಕಡೂರು. ನಮ್ಮೂರಿನಿಂದ ಚಿಕ್ಕಮಗಳೂರು ದಾಟಿ ಹೋದರೆ ಸಿಗುವ ಬಯಲುಸೀಮೆ. ಹುಟ್ಟಿದ್ದು 1992ರಲ್ಲಿ. ಚಿಕ್ಕಂದಿನಲ್ಲಿ ಕರಾಟೆ ಕಲಿತವರು, ಕ್ರಿಕೆಟ್‌ಗಾಗಿ ಬೆಂಗಳೂರಿಗೆ ಹೋಗಿ ಇರ್ಫಾನ್ ಸೇಟ್ ಅವರ ಬಳಿ ತರಬೇತಿ ಪಡೆದರು. 2011ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಇಂಗ್ಲೆಂಡ್ ವಿರುದ್ಧದ ಮೊದಲ ಏಕದಿನ ಪಂದ್ಯದಲ್ಲೇ ಅರ್ಧಶತಕ ಹೊಡೆದರು. ಒಟ್ಟು 48 ಏಕದಿನ ಮತ್ತು 76 ಟಿ20 ಪಂದ್ಯಗಳನ್ನು ಭಾರತಕ್ಕಾಗಿ ಆಡಿದರು. ಏಕದಿನದಲ್ಲಿ 829, ಟಿ20ಯಲ್ಲಿ 875 ರನ್. ಅಂಕಿ ಮಾತ್ರ ನೋಡಿದವರಿಗೆ ಇದು ಸಾಧಾರಣ ಎನಿಸಬಹುದು. ಆದರೆ ಅವರ ಆಟ ನೋಡಿದವರಿಗೆ ಮೊದಲು ನೆನಪಾಗುವುದು ಬೌಂಡರಿ ಗೆರೆಯ ಬಳಿ ಅವರು ಓಡುತ್ತಿದ್ದ ರೀತಿ. ತಂಡದ ಅತ್ಯುತ್ತಮ ಫೀಲ್ಡರ್‌ಗಳಲ್ಲಿ ಅವರೊಬ್ಬರು ಎಂಬುದರಲ್ಲಿ ಯಾರಿಗೂ ತಕರಾರು ಇರಲಿಲ್ಲ.

2017ರ ವಿಶ್ವಕಪ್ ನನ್ನ ವಯಸ್ಸಿನ ಬಹಳ ಹುಡುಗಿಯರು ಟಿವಿ ಮುಂದೆ ಕೂತು ನೋಡಿದ ಮೊದಲ ಮಹಿಳಾ ಕ್ರಿಕೆಟ್. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯ. ವೇದಾ 45 ಎಸೆತಗಳಲ್ಲಿ 70 ರನ್ ಚಚ್ಚಿದರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಕಡೂರಿನ ಹುಡುಗಿಯ ಧೈರ್ಯವನ್ನು ಎಲ್ಲರೂ ಹೊಗಳಿದರು.

ಎಂಟು ದಿನ ಕಳೆದು ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡ್ ಮಾಡಿದ್ದು 228. ಭಾರತ ಮೂರು ವಿಕೆಟ್‌ಗೆ 191 ರನ್ ಮಾಡಿ ಗೆಲುವಿನ ಹತ್ತಿರ ಬಂದಿತ್ತು. ಬೇಕಿದ್ದದ್ದು 38 ರನ್ ಮಾತ್ರ. ವೇದಾ 34 ಎಸೆತಗಳಲ್ಲಿ 35 ರನ್ ಮಾಡಿ, ದೊಡ್ಡ ಹೊಡೆತಕ್ಕೆ ಹೋಗಿ ಕ್ಯಾಚ್ ಕೊಟ್ಟರು. ಕೊನೆಯ ಏಳು ವಿಕೆಟ್ 28 ರನ್‌ಗಳೊಳಗೆ ಬಿದ್ದವು. ಒಂಬತ್ತು ರನ್‌ಗಳಿಂದ ಸೋತೆವು. ‘ಅಷ್ಟು ಅವಸರ ಯಾಕೆ ಬೇಕಿತ್ತು ಇವಳಿಗೆ?’ ಎಂದು ನಮ್ಮ ಮನೆಯ ಜಗುಲಿಯಲ್ಲೇ ಯಾರೋ ಅಂದದ್ದು ನನಗೆ ಈಗಲೂ ನೆನಪಿದೆ.

ನನ್ನ ಪ್ರಶ್ನೆ ಇಷ್ಟೇ. ಡರ್ಬಿಯಲ್ಲಿ ಧೈರ್ಯ ಎನಿಸಿದ್ದು ಲಾರ್ಡ್ಸ್‌ನಲ್ಲಿ ಅವಸರ ಆದದ್ದು ಹೇಗೆ? ಆಡಿದವರು ಒಬ್ಬರೇ, ಗುಣವೂ ಒಂದೇ. ಬದಲಾದದ್ದು ಫಲಿತಾಂಶ ಮಾತ್ರ. ಗೆದ್ದವರ ಗುಣಕ್ಕೆ ಒಂದು ಹೆಸರು, ಸೋತವರ ಅದೇ ಗುಣಕ್ಕೆ ಇನ್ನೊಂದು ಹೆಸರು ಇಡುವುದು ನಮಗೆ ರೂಢಿಯಾಗಿದೆ.

ದೂರದ ಅಮೆರಿಕದ ಒಂದು ಉದಾಹರಣೆ ಇಲ್ಲಿ ಹೇಳಬೇಕು. ಬೇಸ್‌ಬಾಲ್‌ನಲ್ಲಿ ನಮ್ಮ ಬೌಂಡರಿ ಫೀಲ್ಡರ್‌ನಂತೆ ದೂರದಲ್ಲಿ ನಿಲ್ಲುವವರನ್ನು ಔಟ್‌ಫೀಲ್ಡರ್ ಎನ್ನುತ್ತಾರೆ. ಆ ಆಟದಲ್ಲಿ ಬ್ಯಾಟಿಂಗ್ ತಂಡದ ಓಟಗಾರ, ಚೆಂಡು ಹೊಡೆಯುವವರೆಗೂ ಕಾಯದೆ, ಎದುರಾಳಿಗಳ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿಬಿಡಬಹುದು. ಅದನ್ನು ‘ಬೇಸ್ ಕದಿಯುವುದು’ ಎನ್ನುತ್ತಾರೆ. ರಿಕಿ ಹೆಂಡರ್ಸನ್ ಎಂಬ ಔಟ್‌ಫೀಲ್ಡರ್ 1979ರಿಂದ 2003ರವರೆಗೆ ಅಲ್ಲಿನ ಅತಿ ದೊಡ್ಡ ಲೀಗ್‌ನಲ್ಲಿ ಆಡಿ 1,406 ಬೇಸ್ ಕದ್ದರು. ಅವರ ನಂತರದ ಸ್ಥಾನದಲ್ಲಿರುವ ಲೂ ಬ್ರಾಕ್ ಕದ್ದದ್ದು 938. ಆದರೆ ಹೆಂಡರ್ಸನ್ ಹೆಸರಿನಲ್ಲಿ ಇನ್ನೊಂದು ದಾಖಲೆಯೂ ಇದೆ. ಕದಿಯಲು ಹೋಗಿ ಅತಿ ಹೆಚ್ಚು ಸಲ, ಅಂದರೆ 335 ಸಲ, ಸಿಕ್ಕಿಬಿದ್ದು ಔಟಾದವರೂ ಅವರೇ. ಓಡದೆ ನಿಂತಿದ್ದರೆ ಎರಡನೆಯ ದಾಖಲೆ ಇರುತ್ತಿರಲಿಲ್ಲ, ಮೊದಲನೆಯದೂ ಇರುತ್ತಿರಲಿಲ್ಲ.

ಬೇಸ್‌ಬಾಲ್‌ನವರು ಕಾಲಿನ ವೇಗಕ್ಕೆ ಒಂದು ಕಾಲಂ ಆದರೂ ಇಟ್ಟಿದ್ದಾರೆ. ನಮ್ಮ ಕ್ರಿಕೆಟ್‌ನ ಸ್ಕೋರ್ ಪಟ್ಟಿಯಲ್ಲಿ ಕ್ಯಾಚ್ ಮತ್ತು ರನೌಟ್ ಬಿಟ್ಟರೆ ಫೀಲ್ಡರ್‌ಗೆ ಜಾಗವಿಲ್ಲ. ಮೂರು ಬೌಂಡರಿಗಳನ್ನು ಒಂದೊಂದು ರನ್‌ಗೆ ತಡೆದರೆ ಉಳಿಯುವುದು ಒಂಬತ್ತು ರನ್. ಲಾರ್ಡ್ಸ್‌ನಲ್ಲಿ ನಾವು ಸೋತದ್ದೂ ಒಂಬತ್ತು ರನ್‌ಗಳಿಂದ. ಅಷ್ಟು ಬೆಲೆಯ ಕೆಲಸ ಮಾಡಿದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಹಾಗಂತ ‘ಅಂಕ, ಪಟ್ಟಿ ಎಲ್ಲ ಸುಳ್ಳು, ಮನಸ್ಸಿದ್ದರೆ ಸಾಕು’ ಎಂದು ನಾನು ಹೇಳುವುದಿಲ್ಲ. ಕೆಲಸ ಹುಡುಕುತ್ತಿರುವವರಿಗೆ ಅಂಥ ಮಾತು ಹೊಟ್ಟೆ ತುಂಬಿಸುವುದಿಲ್ಲ. 2017ರ ತಂಡದ ಹದಿನೈದು ಮಂದಿಯಲ್ಲಿ ವೇದಾ ಸೇರಿ ಹತ್ತು ಮಂದಿ ರೈಲ್ವೆ ಉದ್ಯೋಗಿಗಳು. ಮಹಿಳಾ ಕ್ರಿಕೆಟ್‌ನಲ್ಲಿ ದುಡ್ಡಿಲ್ಲದ ಕಾಲದಲ್ಲಿ ಆ ಆಟಗಾರ್ತಿಯರಿಗೆ ಆಸರೆಯಾಗಿದ್ದು ಸರ್ಕಾರಿ ನೌಕರಿ. ಅವರ ಓಟಕ್ಕೆ ಬೆಲೆ ಕಟ್ಟುವ ಒಂದು ಜಾಗ ಇತ್ತು, ಆದ್ದರಿಂದ ಅವರು ಓಡುತ್ತಲೇ ಇರಲು ಸಾಧ್ಯವಾಯಿತು. ಪಟ್ಟಿ ಬೇಕು. ಆದರೆ ಯಾವ ಯಾವ ಕೆಲಸಕ್ಕೆ ಅದರಲ್ಲಿ ಕಾಲಂ ಇರಬೇಕು ಎಂದು ಕೇಳುವ ಹಕ್ಕು ನಮಗಿದೆ.

ವೇದಾ ಅವರಿಗೆ ಕಾಲವೂ ಪೂರ್ತಿ ಒಲಿಯಲಿಲ್ಲ. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಜನರ ಮುಂದೆ ನಡೆದ ಟಿ20 ವಿಶ್ವಕಪ್ ಫೈನಲ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಮರುವರ್ಷ ಕೋವಿಡ್ ಎರಡನೇ ಅಲೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಮ್ಮನನ್ನೂ ಅಕ್ಕನನ್ನೂ ಕಳೆದುಕೊಂಡರು. ಅದೇ ಮೇ ತಿಂಗಳಲ್ಲಿ ಪ್ರಕಟವಾದ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರು ಇರಲಿಲ್ಲ. ಪುರುಷರಷ್ಟೇ ಪಂದ್ಯ ಶುಲ್ಕ ಮಹಿಳೆಯರಿಗೂ ಎಂದು ಬಿಸಿಸಿಐ ಘೋಷಿಸಿದ್ದು 2022ರಲ್ಲಿ. ಮಹಿಳಾ ಪ್ರೀಮಿಯರ್ ಲೀಗ್ ಶುರುವಾದದ್ದು 2023ರಲ್ಲಿ. ಬಾಗಿಲು ತೆರೆಯುವ ಹೊತ್ತಿಗೆ ಅವರ ಭಾರತ ತಂಡದ ದಿನಗಳು ಮುಗಿದಿದ್ದವು. ಆದರೂ ಅವರು ಕರ್ನಾಟಕದ ಪರ ಮತ್ತೆ ಆಡಿದರು, ತಂಡವನ್ನು ಮುನ್ನಡೆಸಿದರು. 2024ರಲ್ಲಿ ಗುಜರಾತ್ ಜೈಂಟ್ಸ್ ಪರ ಆಡಿದರು. ವೀಕ್ಷಕ ವಿವರಣೆಯ ಮೈಕ್ ಹಿಡಿದರು. 2025ರ ಜುಲೈನಲ್ಲಿ, 32ನೇ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು. ಬೀಳ್ಕೊಡುಗೆಯ ಅಂತರರಾಷ್ಟ್ರೀಯ ಪಂದ್ಯ ಇರಲಿಲ್ಲ. ಐದು ವರ್ಷ ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದೆಯೂ ಒಬ್ಬರು ತಮ್ಮ ಕೆಲಸ ಬಿಡದೆ ಮಾಡುತ್ತಾ ಬಂದರು ಎಂಬುದು ನನಗೆ ಅವರ 70 ರನ್‌ಗಿಂತ ದೊಡ್ಡದು.

ಅದೇ ವರ್ಷ ನವೆಂಬರ್ 2ರಂದು ನವಿ ಮುಂಬೈನಲ್ಲಿ ಭಾರತದ ಮಹಿಳೆಯರು ಏಕದಿನ ವಿಶ್ವಕಪ್ ಗೆದ್ದರು. ಆ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಮೊದಲ ವಿಕೆಟ್ ಬಿದ್ದದ್ದು ಅಮನ್‌ಜೋತ್ ಕೌರ್ ನೇರವಾಗಿ ವಿಕೆಟ್‌ಗೆ ಎಸೆದು ಮಾಡಿದ ರನೌಟ್‌ನಿಂದ. ಶತಕ ಹೊಡೆದು ನಿಂತಿದ್ದ ಲಾರಾ ವೊಲ್ವಾರ್ಡ್ಟ್ ಅವರ ಕ್ಯಾಚನ್ನು, ಕೈಯಿಂದ ಜಾರಿ ಜಾರಿ ಹೋಗುತ್ತಿದ್ದರೂ ಬಿಡದೆ ಹಿಡಿದವರೂ ಅವರೇ. ಕೊನೆಯ ಕ್ಯಾಚಿಗೆ ನಾಯಕಿ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿದರು. ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತು ಯಾರೂ ‘ಬರೀ ಫೀಲ್ಡಿಂಗ್’ ಎನ್ನಲಿಲ್ಲ.

ಆದ್ದರಿಂದ ನನ್ನದು ಎರಡು ಮಾತು. ಒಂದು, ಶಾಲೆ, ಕಾಲೇಜು, ಹೋಬಳಿ ಮಟ್ಟದ ತಂಡಗಳಿಗೆ ಹುಡುಗಿಯರನ್ನು ಆರಿಸುವಾಗ ಓಟ ಮತ್ತು ಫೀಲ್ಡಿಂಗ್‌ಗೂ ಅಂಕ ಕೊಡಿ. ನಮ್ಮ ಕಡೆಯ ಹುಡುಗಿಯರಿಗೆ ಬ್ಯಾಟ್, ಪ್ಯಾಡ್, ನೆಟ್ ಸಿಗುವುದು ಕಷ್ಟ. ಆದರೆ ಏರು ಇಳಿತದ ದಾರಿಯಲ್ಲಿ ದಿನವೂ ನಡೆದ ಕಾಲು ಅವರ ಹತ್ತಿರ ಇದೆ. ಇನ್ನೊಂದು ಮಾತು ಮನೆಯವರಿಗೆ. ಪಟ್ಟಿಯಲ್ಲಿ ಹೆಸರಿಲ್ಲದ ಮಗಳನ್ನು ‘ಇಷ್ಟು ದಿನ ಏನು ಮಾಡಿದೆ?’ ಎಂದು ಕೇಳುವ ಮುಂಚೆ, ಅವಳು ಮಾಡಿದ್ದನ್ನು ಬರೆಯಲು ನಿಮ್ಮ ಹತ್ತಿರ ಕಾಲಂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕಾಫಿ ಕಣದಲ್ಲಿ ಈಗ ಆಡುವವರು ಅಣ್ಣನ ಮಕ್ಕಳು ಮತ್ತು ಲೈನ್ ಮನೆಯ ಮಕ್ಕಳು. ಅವರಲ್ಲಿ ಹತ್ತು ವರ್ಷದ ಒಬ್ಬಳು ಹುಡುಗಿ ಇದ್ದಾಳೆ, ಚೆಂಡಿಗಿಂತ ಮುಂಚೆ ಗಿಡದ ಸಾಲು ತಲುಪುತ್ತಾಳೆ. ಹೋದ ಭಾನುವಾರ ಆಟ ಮುಗಿದ ಮೇಲೆ ನಾನು ಇದ್ದಿಲು ತೆಗೆದುಕೊಂಡು ಗೋಡೆಯಲ್ಲಿ ರನ್‌ಗಳ ಪಕ್ಕ ಇನ್ನೊಂದು ಸಾಲು ಎಳೆದೆ. ‘ತಡೆದದ್ದು: 14’ ಎಂದು ಬರೆದು ಅವಳ ಹೆಸರು ಹಾಕಿದೆ. ಹುಡುಗರು ‘ಇದೇನತ್ತೆ ಹೊಸ ರೂಲ್ಸು?’ ಎಂದು ಗಲಾಟೆ ಮಾಡಿದರು. ಆಮೇಲೆ ಒಬ್ಬ ಮೆಲ್ಲಗೆ ಬಂದು, ‘ನಾನೂ ಎರಡು ಫೋರ್ ತಡೆದಿದ್ದೆ, ಬರೀರಿ’ ಅಂದ. ಬರೆದೆ. ನಂತರ ಒಳಗೆ ಹೋಗಿ ಸಾಮಾನ್ಯ ಜ್ಞಾನದ ಪುಸ್ತಕ ತೆಗೆದೆ. ಆ ಒಂದೂವರೆ ಅಂಕ ನನಗೆ ಇನ್ನೂ ಬೇಕು.