ಹೊಸ ಹುಡುಗರ ಆಟ ನೋಡೋಣ, ನಮ್ಮ ಹುಡುಗರಿಗೂ ಒಂದು ತಾಸು ಬಿಡೋಣ

ಮೀಲಾದ್ ಮುಗಿದ ಮರುದಿನ ಮದ್ರಸಕ್ಕೆ ಬಂದ ಹುಡುಗರ ಬಾಯಲ್ಲಿ ಹಿಂದಿನ ದಿನದ ಜಾಥಾದ ಮಾತಿಗಿಂತ ಫುಟ್‌ಬಾಲಿನ ಮಾತೇ ಜಾಸ್ತಿ ಇತ್ತು. 2024ರ ಸೆಪ್ಟೆಂಬರ್ 16ರ ರಾತ್ರಿ ಕೋಲ್ಕತ್ತಾದಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್ ತಂಡ ಇಂಡಿಯನ್ ಸೂಪರ್ ಲೀಗಿನಲ್ಲಿ ತನ್ನ ಮೊಟ್ಟಮೊದಲ ಪಂದ್ಯ ಆಡಿತ್ತು. ಕೊನೇ ಗಳಿಗೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು ನಾರ್ತ್ ಈಸ್ಟ್ ಯುನೈಟೆಡ್ ಎದುರು ಸೋತಿತ್ತು. "ಹಜರತ್, ಇನ್ನೆರಡ ನಿಮಿಷ ತಡಕೊಂಡಿದ್ರ ಡ್ರಾ ಆಗ್ತಿತ್ರಿ" ಅಂತ ಒಬ್ಬ ಹಲುಬಿದ. ಈ ಕಡೆ ಉಸ್ತಾದರನ್ನು ಕರೆಯುವುದೇ ಹಾಗೆ. ಇನ್ನೊಬ್ಬ ನೋಟ್‌ಬುಕ್ಕಿನ ಹಾಳೆ ಹರಿದುಕೊಟ್ಟು, "ಈ ಸೀಸನ್‌ದಾಗ ಯಾರ್ಯಾರ್ನ ನೋಡಬೇಕ್ರಿ, ಒಂದ್ ಲಿಸ್ಟ್ ಬರದ ಕೊಡ್ರಿ" ಅಂದ.

ಘಟ್ಟ ಹತ್ತಿ ಬಂದು ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಪಾಠ ಹೇಳುವ ನಮ್ಮಂಥ ಬ್ಯಾರಿ ಉಸ್ತಾದರಿಗೆ ಇದು ಹೊಸದು. ಇಲ್ಲಿ ಕಬಡ್ಡಿ, ಕುಸ್ತಿ, ಬಿಟ್ಟರೆ ಟೆನಿಸ್ ಬಾಲ್ ಕ್ರಿಕೆಟ್. ಫುಟ್‌ಬಾಲ್ ಅಂದರೆ ಮೊಬೈಲಿನಲ್ಲಿ ನೋಡುವ ಮೆಸ್ಸಿ, ರೊನಾಲ್ಡೊ ಮಾತ್ರ. ಹಾಗಾಗಿ ಹುಡುಗ ನಮ್ಮ ದೇಶದ ಆಟಗಾರರ ಹೆಸರು ಕೇಳಿದನಲ್ಲ ಎಂದು ನಮಗೆ ಖುಷಿಯಾಯಿತು. ಆ ಲಿಸ್ಟ್ ಯಾಕೆ ಬೇಕಿತ್ತು ಎಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಲಿಸ್ಟ್.

ಮೊದಲ ಹೆಸರು ನಮ್ಮ ರಾಜ್ಯದ್ದೇ. ಬೆಂಗಳೂರು ಎಫ್‌ಸಿಯ ವಿನಿತ್ ವೆಂಕಟೇಶ್, ಆಗ ವಯಸ್ಸು 19. ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬಿದ್ದ ಒಂದೇ ಒಂದು ಗೋಲು ಈ ಹುಡುಗನದು. ಅದರಿಂದಲೇ ಬೆಂಗಳೂರು ಗೆದ್ದಿತು. ಅಲ್ಲಿಂದ ಹೈದರಾಬಾದ್, ಮೋಹನ್ ಬಗಾನ್ ತಂಡಗಳನ್ನೂ 3-0ರಲ್ಲಿ ಸೋಲಿಸಿ, ಮೊದಲ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಅದೇ ತಂಡದಲ್ಲಿ ಆಗ 40 ತುಂಬಿದ್ದ ಸುನಿಲ್ ಛೆಟ್ರಿ ಇನ್ನೂ ಗೋಲು ಹೊಡೆಯುತ್ತಿದ್ದರು. 2024ರ ಜೂನ್‌ನಲ್ಲಿ ಅವರು ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ಮಗನ ಪ್ರಾಯದವನೂ ಹಿರಿಯನೂ ಒಂದೇ ಸಾಲಿನಲ್ಲಿ ಓಡುವುದನ್ನು ನೋಡುವುದೇ ಒಂದು ಪಾಠ.

ಎರಡನೆಯವನು ನಮ್ಮ ಕಾಸರಗೋಡು ಜಿಲ್ಲೆಯವ, ಈಸ್ಟ್ ಬೆಂಗಾಲಿನ ಪಿ.ವಿ. ವಿಷ್ಣು. ಸೆಪ್ಟೆಂಬರ್ 22ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಮೊದಲ ಗೋಲು ಹೊಡೆದವನು ಇವನೇ. ತಂಡ 2-1ರಿಂದ ಸೋತಿತು, ಅದು ಬೇರೆ ಮಾತು. ಚೆಂಡು ಸಿಕ್ಕಿದ ಕೂಡಲೇ ಹಿಂದೆ ಮುಂದೆ ನೋಡದೆ ಎದುರಾಳಿಯ ಮೇಲೆ ನುಗ್ಗುವ ಧೈರ್ಯ ಅವನ ಆಟದಲ್ಲಿ ಇದೆ. ಇದೇ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ತಲೆಯಿಂದ ಗೋಲು ಹೊಡೆದದ್ದು ಕರಾವಳಿಯವರಿಗೆ ನೆನಪಿರಬಹುದು.

ಮೂರನೆಯದಾಗಿ 2024ರ ಜಮ್ಶೆಡ್‌ಪುರ ತಂಡದ ಎಡಗಡೆ ನೋಡಿ. ರಕ್ಷಣೆಯಲ್ಲಿ ಮುಹಮ್ಮದ್ ಉವೈಸ್, ಮುಂದೆ ಅಂಚಿನಲ್ಲಿ ಆಗ 20ರ ಮುಹಮ್ಮದ್ ಸನಾನ್ ಇದ್ದರು, ಇಬ್ಬರೂ ಕೇರಳದವರು. ಆಗ ಇವರ ಕೋಚ್ ಖಾಲಿದ್ ಜಮೀಲ್. 2017ರಲ್ಲಿ ಮಿಜೋರಾಂನ ಪುಟ್ಟ ಐಜ್ವಾಲ್ ತಂಡವನ್ನು ಐ-ಲೀಗ್ ಚಾಂಪಿಯನ್ ಮಾಡಿದವರು. ದೊಡ್ಡ ಹೆಸರಿಲ್ಲದ ಹುಡುಗರನ್ನು ನಂಬಿ ಕೆಲಸ ತೆಗೆಯುವುದು ಅವರ ರೀತಿ. ಆ ಸಲ ಮೊದಲ ಎರಡೂ ಪಂದ್ಯ ಗೆದ್ದೇ ಶುರು ಮಾಡಿದರು. ಆಗ ಕೇರಳ ಬ್ಲಾಸ್ಟರ್ಸ್‌ನಲ್ಲಿ ಲಕ್ಷದ್ವೀಪದ ಅವಳಿ ಅಣ್ಣತಮ್ಮಂದಿರು ಮುಹಮ್ಮದ್ ಐಮನ್, ಮುಹಮ್ಮದ್ ಅಝರ್ ಇದ್ದರು. ಗಲ್ಫ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮವರು ಮೋಹನ್ ಬಗಾನಿನ ಸಹಲ್ ಅಬ್ದುಲ್ ಸಮದ್‌ನನ್ನು ತೋರಿಸಬಹುದು. ಹುಟ್ಟಿದ್ದು ಅಲ್ ಐನ್‌ನಲ್ಲಿ, ಊರಿಗೆ ಬಂದು ಕಾಲೇಜು ಕಲಿಯುತ್ತಲೇ ಆಟಗಾರನಾದವನು.

ಇನ್ನು ಮೊಹಮ್ಮದನ್ ಸ್ಪೋರ್ಟಿಂಗ್. 1891ರ ಕ್ಲಬ್ಬು. 1934ರಿಂದ 38ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದದ್ದು ನಮ್ಮ ಅಜ್ಜಂದಿರ ಕಾಲದ ದೊಡ್ಡ ಸುದ್ದಿ. 2023-24ರ ಐ-ಲೀಗ್ ಗೆದ್ದು ಮೇಲಿನ ಲೀಗಿಗೆ ಬಂದಿತು. ಮೀಲಾದ್ ರಾತ್ರಿ ಸೋತರೂ ಸೆಪ್ಟೆಂಬರ್ 26ರಂದು ಚೆನ್ನೈಗೆ ಹೋಗಿ ಚೆನ್ನೈಯಿನ್ ವಿರುದ್ಧ 1-0ರಿಂದ ಗೆದ್ದಿತು. ಆ ಗೋಲು ಮಿಜೋರಾಂನ ಲಾಲ್‌ರೆಮ್‌ಸಂಗ ಫನಾಯ್ ಅವರದು. ಮೊಹಮ್ಮದನ್ ಕ್ಲಬ್ಬಿಗೆ ಐಎಸ್‌ಎಲ್‌ನ ಮೊದಲ ಜಯ ತಂದುಕೊಟ್ಟದ್ದು ಮಿಜೋ ಹುಡುಗ. ಚೆಂಡು ಯಾರ ಹೆಸರನ್ನೂ ಕೇಳುವುದಿಲ್ಲ ಎಂದು ನಮ್ಮ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. 

ಲಿಸ್ಟ್ ಇಷ್ಟು. ಇದನ್ನು ಬರೆದುಕೊಟ್ಟ ಎರಡು ದಿನಕ್ಕೆ ಗೊತ್ತಾಯಿತು, ಹುಡುಗನಿಗೆ ಅದು ಬೇಕಾದದ್ದು ಅವನ ಅಣ್ಣನಿಗಾಗಿ. ಅಣ್ಣ ಮೊಬೈಲಿನಲ್ಲಿ ಹನ್ನೊಂದು ಜನರ ತಂಡ ಕಟ್ಟಿ, ದುಡ್ಡು ಹಾಕಿ, ಯಾರು ಗೋಲು ಹೊಡೆದರೆ ಎಷ್ಟು ಪಾಯಿಂಟ್ ಅಂತ ಲೆಕ್ಕ ಹಾಕುವವನು. ಐವತ್ತು ರೂಪಾಯಿಂದ ಶುರುವಾಗಿ ಈಗ ಗ್ಯಾರೇಜಿನ ವಾರದ ಪಗಾರ ಅಲ್ಲಿಗೇ ಹೋಗುತ್ತಿದೆಯಂತೆ. ಕಾನೂನು ಅದನ್ನು ಏನೆಂದು ಕರೆಯುತ್ತದೋ ಕರೆಯಲಿ. ಕೂತಲ್ಲೇ ದುಡ್ಡು ಕಟ್ಟಿ ಇನ್ನೊಬ್ಬನ ಕಾಲಿನ ಮೇಲೆ ಅದೃಷ್ಟ ನೋಡುವುದು ಜೂಜು, ಜೂಜು ಹರಾಮ್. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಹರಾಮ್ ಎಂದು ಹೇಳಿ ಕೈ ತೊಳೆದುಕೊಂಡರೆ ನಮ್ಮ ಕೆಲಸ ಮುಗಿಯಿತೇ? ಆ ಅಣ್ಣನೂ ಒಂದು ಕಾಲಕ್ಕೆ ನಮ್ಮ ಮದ್ರಸದ ಹುಡುಗನೇ. ಏಳು ವರ್ಷದ ಹಿಂದೆ ಒಂದು ಸಂಜೆ, ಹೈಸ್ಕೂಲ್ ಮೈದಾನದಲ್ಲಿ ಆಡಿ, ಮೈತುಂಬ ಎರೆ ಮಣ್ಣು ಮೆತ್ತಿಕೊಂಡು, ಪಾಠ ಅರ್ಧ ಆದಮೇಲೆ ಬಂದ. ನಾವು ಬೈದು, ಅವನ ಚೆಂಡನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಆಟ ತಪ್ಪುತ್ತದೆ, ಪಾಠಕ್ಕೆ ಬರುತ್ತಾನೆ ಎಂಬ ನಂಬಿಕೆ ನಮ್ಮದು. ಆಟ ತಪ್ಪಿತು. ಮೆಲ್ಲಗೆ ಪಾಠವೂ ತಪ್ಪಿತು. ಚೆಂಡು ಮಾತ್ರ ಗಾಳಿ ಹೋಗಿ ಚಪ್ಪಟೆಯಾಗಿ ಕಪಾಟಿನಲ್ಲೇ ಉಳಿಯಿತು. ಕಾಲಿಗೆ ಚೆಂಡು ಸಿಗದವನ ಕೈಗೆ ಮೊಬೈಲು ಸಿಕ್ಕಿತು. ಇದರಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳದೆ ಹುಡುಗರಿಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ.

ಮೇಲೆ ಹೇಳಿದ ಆಟಗಾರರಲ್ಲಿ ಇಷ್ಟು ಜನ ಕೇರಳದ ಕಡೆಯವರೇ ಯಾಕೆ? ಅಲ್ಲಿನ ಮಕ್ಕಳ ಕಾಲಿನಲ್ಲಿ ಬೇರೆ ಎಲುಬಿದೆಯೇ? ಮಲಪ್ಪುರಂ ಕಡೆ ಹೋದವರು ನೋಡಿರುತ್ತಾರೆ. ಮಳೆ ನಿಂತು ಭತ್ತ ಕೊಯ್ದ ಮೇಲೆ ಗದ್ದೆಯೇ ಮೈದಾನ. ಏಳು ಮಂದಿಯ 'ಸೆವೆನ್ಸ್' ಪಂದ್ಯ, ಅಡಿಕೆ ಮರ ಕಟ್ಟಿದ ಗ್ಯಾಲರಿ. ಟಿಕೆಟಿನ ದುಡ್ಡಿನಲ್ಲಿ ಊರಿನ ರೋಗಿಗಳ ಆರೈಕೆ ಕೇಂದ್ರಕ್ಕೂ ಒಂದು ಪಾಲು. ಹಾಜಿಗಳು, ಅಂಗಡಿಯವರು, ಗಲ್ಫ್‌ನಿಂದ ರಜೆಗೆ ಬಂದವರು, ಎಲ್ಲರೂ ಸೇರಿ ನಡೆಸುತ್ತಾರೆ. 2024ರ ಸೆಪ್ಟೆಂಬರ್ 7ರಿಂದ ಆರು ತಂಡಗಳ ಸೂಪರ್ ಲೀಗ್ ಕೇರಳ ಕೂಡ ಶುರುವಾಯಿತು. ಅಲ್ಲಿ ಮಲಪ್ಪುರಂಗೂ ಕಣ್ಣೂರಿಗೂ ಸ್ವಂತ ವೃತ್ತಿಪರ ತಂಡ ಇವೆ. ಹುಡುಗನಿಗೆ ಗದ್ದೆಯಿಂದ ಸ್ಟೇಡಿಯಂವರೆಗೆ ಒಂದು ದಾರಿ ಕಾಣುತ್ತದೆ.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋಲಿಸಿದ್ದು ಇದೇ ಮೊಹಮ್ಮದನ್ ಸ್ಪೋರ್ಟಿಂಗನ್ನು. ಮರುವರ್ಷವೂ ಕಪ್ಪು ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಬರಿಗಾಲಲ್ಲಿ ಆಡಿದವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆಮೇಲೆ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಮೊದಲು ಶಾಲಾ ಮಾಸ್ತರರು. 2024ರ ಈದ್ ಹೊತ್ತಿಗೆ ಬಂದ 'ಮೈದಾನ್' ಸಿನಿಮಾ ಅವರದೇ ಕತೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ರಾಜ್ಯ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಎತ್ತಿತು.

ಇವೆಲ್ಲ ಇದ್ದರೂ ಅಣ್ಣಿಗೇರಿಯ ಹುಡುಗನಿಗೆ ದಾರಿ ಕಾಣುವುದಿಲ್ಲ. ಏನಾದರೂ ಕಲಿಯಬೇಕೆಂದರೆ ಬಸ್ಸು ಹತ್ತಿ ಹುಬ್ಬಳ್ಳಿಗೇ ಹೋಗಬೇಕು. ಹೋಗಿ ಬರುವ ಹೊತ್ತಿಗೆ ಇಶಾ ಆಗುತ್ತದೆ, ಬಸ್ಸಿನ ಖರ್ಚು ಅಪ್ಪನಿಗೆ ಭಾರ. ನವಲಗುಂದದ ಎರೆ ಹೊಲ ಕರಾವಳಿಯ ಗದ್ದೆಯಂತೆ ಅಲ್ಲ. ಹಸಿಯಿದ್ದರೆ ಕಾಲಿಗೆ ಸೇರುಗಟ್ಟಲೆ ಮೆತ್ತುತ್ತದೆ, ಒಣಗಿದರೆ ಕಾಲು ಸಿಗುವಷ್ಟು ಬಿರುಕು. ಕಲಘಟಗಿ ಕಡೆ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅಲ್ಲಿ ಸೆವೆನ್ಸ್ ಆಡಿಸಬಹುದು. ಉಳಿದ ಕಡೆ ಸರ್ಕಾರಿ ಹೈಸ್ಕೂಲಿನ ಮೈದಾನವೇ ಗತಿ. ಅದು ಸಾಕು ಕೂಡ. ಇಲ್ಲದಿರುವುದು ಹೊತ್ತು.

ಇಲ್ಲೇ ನಮ್ಮ ಕೈಯಲ್ಲಿರುವ ಕೆಲಸ ಬರುತ್ತದೆ. ಕರಾವಳಿಯಲ್ಲಿ ಮದ್ರಸ ಬೆಳಿಗ್ಗೆ, ಶಾಲೆಗೆ ಮೊದಲು. ಸಂಜೆ ಮಕ್ಕಳದ್ದು. ನಾವು ಕಲಿಸುವ ಕಡೆ ಮಕ್ಕಳು ಶಾಲೆಯಿಂದ ಬಂದು ಚಹಾ ಕುಡಿದು ನೇರ ಮಸೀದಿಗೆ. ಅಸರ್‌ನಿಂದ ಇಶಾವರೆಗೆ ಪಾಠ. ಇಲ್ಲಿ ಹನಫಿ ಜಮಾಅತ್ ಆದ್ದರಿಂದ ಅಸರ್ ಐದರ ಹೊತ್ತಿಗೆ, ಸೆಪ್ಟೆಂಬರ್ ಕೊನೆಗೆ ಮಗ್ರಿಬ್ ಆರೂಕಾಲಿಗೆ. ದಿನದಲ್ಲಿ ಮಗುವಿಗೆ ಬೆಳಕು ಉಳಿಯುವುದು ಆ ಒಂದು ತಾಸು. ಅದನ್ನೇ ನಾವು ತೆಗೆದುಕೊಂಡಿದ್ದೇವೆ. ಅದನ್ನು ಬಿಟ್ಟುಕೊಟ್ಟು, ಮಗ್ರಿಬ್‌ನಿಂದ ಇಶಾವರೆಗೆ ಒಂದು ಪಾಠ, ಫಜ್ರ್ ಆದಮೇಲೆ ಅರ್ಧ ತಾಸು ಇನ್ನೊಂದು ಪಾಠ ಇಟ್ಟರೆ ಕಿತಾಬಿನ ಒಂದು ಪುಟವೂ ಕಡಿಮೆಯಾಗುವುದಿಲ್ಲ.

ಹಿರಿಯರು ಕೆಲವರು ಒಪ್ಪುವುದಿಲ್ಲ. ಅವರ ಮಾತಿನಲ್ಲೂ ನ್ಯಾಯವಿದೆ. ಚಡ್ಡಿ ಮೊಣಕಾಲು ಮುಚ್ಚಬೇಕು, ನಮಾಝ್ ತಪ್ಪಬಾರದು, ಬಾಯಲ್ಲಿ ಕೆಟ್ಟ ಮಾತು ಬರಬಾರದು. ಮೂರೂ ಸರಿ, ಮೂರನ್ನೂ ಮೈದಾನದಲ್ಲೇ ಕಲಿಸಬಹುದು. ಆದರೆ ಆಟವೇ ದೀನಿಗೆ ವಿರೋಧ ಎನ್ನುವುದು ಸರಿಯಲ್ಲ. ಪ್ರವಾದಿಯವರು (ಸ) ಆಯಿಶಾರ ಜೊತೆ (ರ) ಓಟದ ಪಂದ್ಯ ಆಡಿದವರು, ರುಕಾನಾನೊಂದಿಗೆ ಕುಸ್ತಿ ಹಿಡಿದವರು. ಇನ್ನು ಕೆಲವರು "ಆಟ ಹೊಟ್ಟಿಗೆ ಹಾಕ್ತದೇನ್ರಿ?" ಎಂದು ಕೇಳುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಹುಡುಗರಿಗೆ ಹಾಕುವುದಿಲ್ಲ, ಹಾಗಂತ ನಾವೇ ಹೇಳಬೇಕು. ಶಾಲೆ ಬಿಟ್ಟು ಚೆಂಡಿನ ಹಿಂದೆ ಓಡು ಎಂದು ನಾವು ಯಾರಿಗೂ ಹೇಳುವುದಿಲ್ಲ. ಪುಸ್ತಕ ಕೈಬಿಡದೆಯೂ ಆಡಬಹುದು ಎಂಬುದಕ್ಕೇ ಸಹಲ್‌ನ ಕಾಲೇಜಿನ ಮಾತು ಹೇಳಿದ್ದು. ಆದರೆ ಒಂದು ತಾಸು ಬೆವರು ಹರಿಸಿ ಬಂದ ಹುಡುಗ ರಾತ್ರಿ ಮೊಬೈಲು ಹಿಡಿದು ಕೂರುವುದಿಲ್ಲ, ಮಲಗುತ್ತಾನೆ. ಫಜ್ರ್‌ಗೆ ಏಳುತ್ತಾನೆ. ಇದಕ್ಕಿಂತ ದೊಡ್ಡ ಲಾಭ ಮಸೀದಿಗೆ ಏನು ಬೇಕು?

ನಮ್ಮ ಬೇಡಿಕೆ ದೊಡ್ಡದೇನಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಜಮಾಅತ್‌ಗಳು ಮುಂದಿನ ಸಭೆಯಲ್ಲಿ ಮದ್ರಸದ ವೇಳೆಯ ಬಗ್ಗೆ ಮಾತಾಡಲಿ. ಶಾಲೆಯ ದೈಹಿಕ ಶಿಕ್ಷಕರನ್ನು ವಾರಕ್ಕೆರಡು ಸಲ ಕರೆಯಲಿ, ಅವರು ಯಾವ ಸಮುದಾಯದವರಾದರೂ ಸರಿ. ಎಲ್ಲ ಮನೆಯ ಮಕ್ಕಳೂ ಕೂಡಿ ಆಡಲಿ. ಹುಬ್ಬಳ್ಳಿಯಲ್ಲೋ ಊರಲ್ಲೋ ಬೇಕರಿ, ಹೋಟೆಲ್ ನಡೆಸುವ ನಮ್ಮ ಬ್ಯಾರಿ ಬಂಧುಗಳು ಊರಿಗೆ ನಾಲ್ಕು ಚೆಂಡು, ಎರಡು ಬಲೆ ಕೊಡಿಸಲಿ. ಟೂರ್ನಮೆಂಟು, ಟ್ರೋಫಿ, ಬ್ಯಾನರು ಆಮೇಲೆ.

ನಾವು ಕಪಾಟಿನ ಬೀಗ ತೆಗೆದಿದ್ದೇವೆ. ಆ ಹಳೇ ಚೆಂಡಿಗೆ ಗಾಳಿ ನಿಲ್ಲಲಿಲ್ಲ, ಹೊಸದು ತಂದೆವು. ಲಿಸ್ಟ್ ಕೇಳಿದ ಹುಡುಗ ಈಗ ಅಸರ್ ಮುಗಿಸಿ ಹೈಸ್ಕೂಲ್ ಮೈದಾನದಲ್ಲಿ ಎಡಗಡೆ ಆಡುತ್ತಾನೆ. ಉವೈಸ್ ಆಡುವ ಜಾಗ ಅದೇ ಅಂತ ಅವನಿಗೆ ಗೊತ್ತು. ಮೊನ್ನೆ ಅವನ ಅಣ್ಣ ಗ್ಯಾರೇಜಿನಿಂದ ಬಂದವನು ಗೋಡೆ ಹತ್ತಿರ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ. ನಾವು ಕರೆಯಲಿಲ್ಲ. ನಾಳೆ ಕರೆಯುತ್ತೇವೆ.